ಮನೆಯೊಳಗೆ ಸಣ್ಣ ಡ್ರೋನ್ ಹಾರಿಸುವ ಮುನ್ನ ಏನೇನು ನೋಡಿಕೊಳ್ಳಬೇಕು?

ಹೊರಗೆ ಗಾಳಿ ಜಾಸ್ತಿ, ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ, ತಾರಸಿಯಿಂದ ಹಾರಿಸಿದರೆ ಪಕ್ಕದ ಮನೆಯ ಕಾಂಪೌಂಡಿಗೆ ಹೋಗಿ ಬೀಳುತ್ತದೆ. ಹಾಗಾಗಿ ಹೊಸ ಡ್ರೋನ್ ತಂದವರು ಮೊದಲು ಹಾಲ್‌ನಲ್ಲೇ ಹಾರಿಸಿ ನೋಡುತ್ತಾರೆ. ಮನೆಯೊಳಗೆ ತಾನೇ, ಏನಾಗುತ್ತದೆ ಅನ್ನುವ ಧೈರ್ಯವೂ ಇರುತ್ತದೆ. ಒಳಗೆ ಡ್ರೋನ್ ಕಳೆದುಹೋಗುವುದಿಲ್ಲ, ಅದು ನಿಜ. ಆದರೆ ಕೈ ತಪ್ಪಿದಾಗ ಸರಿಮಾಡಿಕೊಳ್ಳುವಷ್ಟು ಜಾಗ ಒಳಗಿಲ್ಲ. ಗೋಡೆ ಎರಡು ಮೀಟರ್ ದೂರದಲ್ಲಿದೆ, ಫ್ಯಾನ್ ತಲೆಯ ಮೇಲೇ ಇದೆ, ಅಜ್ಜಿ ಸೋಫಾದಲ್ಲಿ ಕೂತಿದ್ದಾರೆ. ಒಂದು ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಗಿರುತ್ತದೆ. ಅದಕ್ಕೇ ಒಳಗೆ ಹಾರಿಸುವವರು ಡ್ರೋನ್ ಏರಿಸುವುದಕ್ಕಿಂತ ಮೊದಲು ಅದನ್ನು ನಿಲ್ಲಿಸುವುದು ಕಲಿಯಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಅದಕ್ಕೂ ಮೊದಲು ಕೋಣೆ ನೋಡಬೇಕು, ಆಮೇಲೆ ಯಂತ್ರ.

ಎಂಥ ಡ್ರೋನ್?

ಇಲ್ಲಿ ಹೇಳುವುದು ಮುಖ್ಯವಾಗಿ ಅಂಗೈಯಲ್ಲಿ ಹಿಡಿಯುವಂಥ ಡ್ರೋನ್‌ಗಳ ಬಗ್ಗೆ. ಅಂಗಡಿಯಲ್ಲಿ ಸಿಗುವ ಆಟಿಕೆ ಡ್ರೋನ್, 2018ರಲ್ಲಿ ಬಂದ 80 ಗ್ರಾಂ ತೂಕದ ಟೆಲ್ಲೊ, ಪ್ರೊಪೆಲ್ಲರ್ (ತಿರುಗುವ ರೆಕ್ಕೆ) ಸುತ್ತ ಪ್ಲಾಸ್ಟಿಕ್ ಬಳೆ ಇರುವ ಟೈನಿ ವೂಪ್ ಥರದ ಪುಟಾಣಿಗಳು, ಇವೆಲ್ಲ ಒಳಗೆ ಹಾರಿಸಲು ಸರಿ. ಡಿಜೆಐ ಕಂಪನಿಯ ಮಿನಿ ಥರದ 249 ಗ್ರಾಂ ಕ್ಯಾಮೆರಾ ಡ್ರೋನ್ ಹೊರಗಡೆಗೆ ಅಂತಲೇ ಮಾಡಿದ್ದು. ಅದನ್ನು ಒಳಗೆ ಹಾರಿಸಲೇಬೇಕಾದರೆ ಇನ್ನೂ ಕೆಲವು ವಿಷಯ ನೋಡಬೇಕು. ಅವನ್ನು ಬೇರೆಯಾಗಿ ಹೇಳಿದ್ದೇನೆ.

ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನ್ 'ನ್ಯಾನೊ' ವರ್ಗಕ್ಕೆ ಸೇರುತ್ತದೆ. ಅದನ್ನು ಹಾರಿಸಲು ಪೈಲಟ್ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. 2015ರಲ್ಲಿ ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ ಮನೆಯ ಮುಂದೆ ಹಾರಿಸುತ್ತಿದ್ದ ಡ್ರೋನ್ ಮರಕ್ಕೆ ತಾಗಿ ದಿಕ್ಕು ತಪ್ಪಿ ಒಂದು ಪುಟ್ಟ ಮಗುವಿನ ಮುಖಕ್ಕೆ ಬಡಿಯಿತು. ಮಗು ಒಂದು ಕಣ್ಣು ಕಳೆದುಕೊಂಡಿತು. ಚಿಕ್ಕ ಡ್ರೋನಿನ ಪ್ರೊಪೆಲ್ಲರ್ ಬೆರಳಿಗೆ ತಾಗಿದರೆ ಗೀರು ಬೀಳಬಹುದು ಅಷ್ಟೆ. ಕಣ್ಣಿಗೆ ತಾಗಿದರೆ ಮಾತೇ ಬೇರೆ. ಮುಂದೆ ಹೇಳುವ ಎಷ್ಟೋ ಮುನ್ನೆಚ್ಚರಿಕೆಗಳು ಕಣ್ಣು ಉಳಿಸುವುದಕ್ಕಾಗಿಯೇ ಇವೆ.

1. ಮೊದಲು ಕೋಣೆ ನೋಡಿ

ಡ್ರೋನನ್ನು ಡಬ್ಬಿಯಲ್ಲೇ ಬಿಟ್ಟು ಕೋಣೆಯ ಮಧ್ಯೆ ನಿಂತುಕೊಳ್ಳಿ. ಮೇಲೆ ನೋಡಿ.

ಸೀಲಿಂಗ್ ಫ್ಯಾನ್ ನಮ್ಮ ಮನೆಗಳಲ್ಲಿ ಡ್ರೋನಿನ ದೊಡ್ಡ ಶತ್ರು. ಆಫ್ ಮಾಡಿದರೆ ಸಾಲದು, ರೆಕ್ಕೆ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಇದರಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಮಧ್ಯಾಹ್ನ ಕರೆಂಟ್ ಹೋಗಿದೆ ಅಂತಿಟ್ಟುಕೊಳ್ಳಿ. ಟಿವಿ ಇಲ್ಲ, ಮಕ್ಕಳಿಗೆ ಬೇಜಾರು, ಡ್ರೋನ್ ಆಚೆ ಬರುತ್ತದೆ. ಫ್ಯಾನ್ ನಿಂತಿದೆ, ಆದರೆ ಅದರ ಸ್ವಿಚ್ ಆನ್ ಆಗಿಯೇ ಇದೆ. ಡ್ರೋನ್ ಮೇಲಿರುವಾಗಲೇ ಕರೆಂಟ್ ಬಂದರೆ ಫ್ಯಾನ್ ತಿರುಗಲು ಶುರುವಾಗುತ್ತದೆ. ಅದರ ಗಾಳಿಗೆ 30 ಗ್ರಾಂ ಡ್ರೋನ್ ನಿಲ್ಲುವುದಿಲ್ಲ. ರೆಕ್ಕೆಗೆ ಸಿಕ್ಕರಂತೂ ಪ್ಲಾಸ್ಟಿಕ್ ಚೂರು ಕೋಣೆ ತುಂಬ ಎಗರುತ್ತದೆ. ಆದ್ದರಿಂದ ಫ್ಯಾನ್ ನಿಂತಿದೆಯಾ ಅಂತ ಮೇಲೆ ನೋಡಿದ ಮೇಲೆ ಗೋಡೆಯ ಸ್ವಿಚ್ಚನ್ನೂ ನೋಡಿ. ರಿಮೋಟ್ ಇರುವ ಫ್ಯಾನ್ ಆದರೆ ರಿಮೋಟಿನಿಂದ ಆಫ್ ಮಾಡಿ ಸುಮ್ಮನಾಗಬೇಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿ. ಏಸಿ, ಕೂಲರ್, ಟೇಬಲ್ ಫ್ಯಾನಿಗೂ ಇದೇ ಮಾತು.

ಸೀಲಿಂಗಿಗೆ ಹತ್ತಿರ ಹೋಗುವುದೂ ಬೇಡ. ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಂಡು ಕೆಳಕ್ಕೆ ತಳ್ಳುತ್ತದೆ. ಡ್ರೋನ್ ಸೀಲಿಂಗ್ ಪಕ್ಕಕ್ಕೆ ಹೋದಾಗ ಮೇಲಿನಿಂದ ಬರುವ ಗಾಳಿಗೆ ದಾರಿ ಕಡಿಮೆಯಾಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಡ್ರೋನ್ ತಾನಾಗಿಯೇ ಮೇಲಕ್ಕೆ ಎಳೆದುಕೊಂಡು ಸೀಲಿಂಗಿಗೆ ಅಂಟಿಕೊಳ್ಳುತ್ತದೆ. ಗಾಬರಿಯಾಗಿ ಥ್ರಾಟಲ್ (ಡ್ರೋನನ್ನು ಏರಿಸಿ ಇಳಿಸುವ ಸ್ಟಿಕ್) ಪೂರ್ತಿ ಇಳಿಸಿದರೆ ಕಲ್ಲು ಬಿದ್ದಂತೆ ಬೀಳುತ್ತದೆ. ಸೀಲಿಂಗಿನಿಂದ ಎರಡು ಅಡಿಯಾದರೂ ಕೆಳಗಿರಲಿ. ಗೋಡೆಯಿಂದಲೂ ದೂರ ಇರಲಿ. ಪ್ರೊಪೆಲ್ಲರ್ ಗಾಳಿ ಗೋಡೆಗೆ ಬಡಿದು ವಾಪಸು ಬರುವುದರಿಂದ ಗೋಡೆಯ ಹತ್ತಿರ ಡ್ರೋನ್ ಓಲಾಡುತ್ತದೆ. ಹತ್ತಕ್ಕೆ ಹತ್ತರ ಚಿಕ್ಕ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಹಾರಿಸಿದರೆ ಅದೇ ಗಾಳಿ ರೂಮಿನೊಳಗೇ ಸುತ್ತುತ್ತಿರುತ್ತದೆ. ಹೊಸಬರಿಗೆ ಹಾಲ್ ಒಳ್ಳೆಯದು. ಟೀಪಾಯಿ ಪಕ್ಕಕ್ಕೆ ಸರಿಸಿ.

ಈಗ ಸುತ್ತ ನೋಡಿ. ಪರದೆ ಮೇಲಕ್ಕೆ ಎತ್ತಿ ಕಟ್ಟಿ. ತೆಳು ಪರದೆಯನ್ನು ಪ್ರೊಪೆಲ್ಲರ್ ಒಳಕ್ಕೆ ಸೆಳೆದು ಸುತ್ತಿಕೊಳ್ಳುತ್ತದೆ. ದಾರದಲ್ಲಿ ಒಣಹಾಕಿದ ಬಟ್ಟೆ ಇದ್ದರೆ ತೆಗೆಯಿರಿ. ದೇವರ ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಆ ಬಾಗಿಲು ಮುಚ್ಚಿ. ದೀಪ ಹಾಲ್‌ನ ಗೂಡಿನಲ್ಲೇ ಇದ್ದರೆ ಅದು ಆರುವವರೆಗೆ ಡ್ರೋನ್ ಬೇಡ. ಲೀಥಿಯಂ ಬ್ಯಾಟರಿ ಇರುವ ಪ್ಲಾಸ್ಟಿಕ್ ವಸ್ತು ಬೆಂಕಿಯ ಹತ್ತಿರ ಸುಳಿಯಲೇಬಾರದು. ಅಡುಗೆಮನೆಯಲ್ಲಿ ಹಾರಿಸುವುದು ಬೇಡವೇ ಬೇಡ, ಸ್ಟೌ ಆಫ್ ಇದ್ದರೂ. ಷೋಕೇಸಿನ ಗಾಜು, ಕನ್ನಡಿ, ಮೀನಿನ ತೊಟ್ಟಿ ಎಲ್ಲಿವೆ ಅಂತ ನೋಡಿಟ್ಟುಕೊಂಡು ಆ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ. ಆಗ ಡ್ರೋನ್ ನಿಮ್ಮ ಮುಂದೆ ಇರುತ್ತದೆ, ಗಾಜು ನಿಮ್ಮ ಹಿಂದೆ ಇರುತ್ತದೆ.

2. ನೆಲ ಮತ್ತು ಬೆಳಕು

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ "ಡ್ರೋನ್ ತಾನೇ ತಾನಾಗಿ ಪಕ್ಕಕ್ಕೆ ಓಡುತ್ತೆ, ಕೆಟ್ಟುಹೋಗಿದೆ" ಅಂತ ಬರುವ ಎಷ್ಟೋ ದೂರುಗಳಿಗೆ ಕಾರಣ ನೆಲದಲ್ಲಿರುತ್ತದೆ.

ಟೆಲ್ಲೊ ಥರದ ಡ್ರೋನಿನ ಹೊಟ್ಟೆಯ ಕೆಳಗೆ ಒಂದು ಪುಟ್ಟ ಕ್ಯಾಮೆರಾ, ಜೊತೆಗೆ ಎತ್ತರ ಅಳೆಯಲು ಇನ್ಫ್ರಾರೆಡ್ ಸೆನ್ಸರ್ ಇರುತ್ತವೆ. ಒಳಗೆ ಜಿಪಿಎಸ್ ಸಿಗುವುದಿಲ್ಲವಲ್ಲ, ಆದ್ದರಿಂದ ಒಂದೇ ಕಡೆ ನಿಲ್ಲಲು ಅದು ನೆಲವನ್ನು ನೋಡುತ್ತದೆ. ಒಂದರ ಹಿಂದೆ ಒಂದು ಚಿತ್ರ ತೆಗೆಯುತ್ತದೆ, ಚಿತ್ರದಲ್ಲಿರುವ ಗುರುತುಗಳು ಎಷ್ಟು ಸರಿದವು ಅಂತ ಲೆಕ್ಕ ಹಾಕುತ್ತದೆ, ಅಷ್ಟೇ ಹಿಂದಕ್ಕೆ ಬಂದು ತನ್ನ ಜಾಗ ಉಳಿಸಿಕೊಳ್ಳುತ್ತದೆ. ಈಗ ನಮ್ಮ ಮನೆಗಳ ನೆಲ ನೋಡಿ. ಬೆಳ್ಳಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಇಲ್ಲವೇ ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟ್. ಗುರುತು ಅನ್ನುವುದೇ ಇಲ್ಲ. ಟ್ಯೂಬ್‌ಲೈಟಿನ ಪ್ರತಿಬಿಂಬ ಬೇರೆ ಅದರಲ್ಲಿ ಹೊಳೆಯುತ್ತಿರುತ್ತದೆ. ಡ್ರೋನಿಗೆ ತಾನು ಸರಿಯುತ್ತಿರುವುದು ತಿಳಿಯುವುದೇ ಇಲ್ಲ. ನಿಂತಿದ್ದೇನೆ ಅಂದುಕೊಂಡೇ ಗೋಡೆಗೆ ಹೋಗಿ ಬಡಿಯುತ್ತದೆ.

ಪರಿಹಾರ ಮನೆಯಲ್ಲೇ ಇದೆ. ಪಟ್ಟೆಪಟ್ಟೆಯ ಜಮಖಾನ, ಇಲ್ಲವೇ ಹೂವಿನ ಚಿತ್ತಾರದ ದಪ್ಪ ಚಾಪೆ ಹಾಸಿ ಅದರ ಮೇಲೆ ಹಾರಿಸಿ. ಅದೇ ಡ್ರೋನ್ ಅದೇ ಕೋಣೆಯಲ್ಲಿ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಅಂತ ನೀವೇ ನೋಡುತ್ತೀರಿ. ಬಿದ್ದರೂ ಪೆಟ್ಟು ಕಡಿಮೆ. ದಿನಪತ್ರಿಕೆ ಹಾಸಬೇಡಿ, ಪ್ರೊಪೆಲ್ಲರ್ ಗಾಳಿಗೆ ಹಾಳೆ ಮೇಲೆದ್ದು ಸಿಕ್ಕಿಕೊಳ್ಳುತ್ತದೆ. ಜಮಖಾನದ ಅಂಚಿನ ಕುಚ್ಚನ್ನು ಒಳಕ್ಕೆ ಮಡಿಚಿಡಿ.

ಬೆಳಕೂ ಬೇಕು. ಕತ್ತಲಲ್ಲಿ ಈ ಕ್ಯಾಮೆರಾ ಕುರುಡು. ರಾತ್ರಿ ಹಾರಿಸುವಾಗ ಕರೆಂಟ್ ಹೋದರೆ ಡ್ರೋನಿಗೂ ಕಾಣುವುದಿಲ್ಲ, ನಿಮಗೂ ಡ್ರೋನ್ ಕಾಣುವುದಿಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ಹಗಲು ಹೊತ್ತಿನಲ್ಲೇ ಹಾರಿಸಿ. ಅಗ್ಗದ ಆಟಿಕೆ ಡ್ರೋನ್‌ಗಳಲ್ಲಿ ಕೆಳಗಿನ ಕ್ಯಾಮೆರಾ ಇರುವುದಿಲ್ಲ, ಹೆಚ್ಚೆಂದರೆ ಗಾಳಿಯ ಒತ್ತಡದಿಂದ ಎತ್ತರ ತಿಳಿಯುವ ಸೆನ್ಸರ್ ಇರುತ್ತದೆ. ಅಂಥವು ಹೇಗೂ ಸ್ವಲ್ಪ ಸರಿಯುತ್ತಲೇ ಇರುತ್ತವೆ. ಬಾಗಿಲು ಧಡ್ ಅಂತ ಹಾಕಿದರೆ ಎತ್ತರದಲ್ಲೂ ಏರುಪೇರಾಗಬಹುದು. ಅವಕ್ಕೆ ಸುತ್ತ ಜಾಗ ಇನ್ನೂ ಜಾಸ್ತಿ ಬಿಡಿ.

3. ಮನೆಮಂದಿ

ಜೋರಾಗಿ ಹೇಳಿಬಿಡಿ: "ಡ್ರೋನ್ ಹಾರಿಸ್ತಿದೀನಿ, ಹತ್ತು ನಿಮಿಷ ಯಾರೂ ಹಾಲ್‌ಗೆ ಬರಬೇಡಿ, ಫ್ಯಾನ್ ಹಾಕಬೇಡಿ." ಹೇಳಿದ ಮೇಲೂ ಯಾರಾದರೂ ಕಾಫಿ ಲೋಟ ಹಿಡಿದು ಬಂದೇ ಬರುತ್ತಾರೆ. ಆದ್ದರಿಂದ ಒಳಬಾಗಿಲು ಮುಚ್ಚಿ, ಮುಂಬಾಗಿಲಿಗೆ ಚಿಲಕ ಹಾಕಿ.

ನೋಡುವವರು ಇದ್ದರೆ ಎಲ್ಲರೂ ಹಾರಿಸುವವರ ಹಿಂದೆ ನಿಲ್ಲಬೇಕು. ಸೋಫಾದಲ್ಲಿ ಕೂತವರ ಕಣ್ಣು ಇರುವುದು ಸರಿಸುಮಾರು ಡ್ರೋನ್ ನಿಲ್ಲುವ ಎತ್ತರದಲ್ಲೇ, ಅದು ನೆನಪಿರಲಿ. ತೆವಳುವ, ಆಗಷ್ಟೇ ನಡೆಯಲು ಕಲಿತ ಮಕ್ಕಳು ಆ ಕೋಣೆಯಲ್ಲೇ ಇರಬಾರದು. ದೀಪ ಮಿನುಗುತ್ತಾ ಗುಂಯ್‌ಗುಡುವ ವಸ್ತುವನ್ನು ಹಿಡಿಯಲು ಅವರು ಓಡಿಬರುತ್ತಾರೆ. ಉದ್ದ ಕೂದಲಿದ್ದರೆ ಜಡೆ ಹಾಕಿ ಅಥವಾ ಗಂಟು ಕಟ್ಟಿ. ದುಪಟ್ಟಾ, ಶಾಲು ತೆಗೆದಿಡಿ. ಹಾರಿಸುವವರಿಗೆ ಕನ್ನಡಕ ಇದ್ದರೆ ಹಾಕಿಕೊಳ್ಳಲಿ. ಮಕ್ಕಳಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಸೇಫ್ಟಿ ಕನ್ನಡಕ ಕೊಡಿಸಿ. ಡ್ರೋನಿಗೆ ಕೊಟ್ಟ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ.

ನಾಯಿ, ಬೆಕ್ಕು ಬೇರೆ ಕೋಣೆಯಲ್ಲಿರಲಿ. ಕೆಲವು ನಾಯಿಗಳು ಡ್ರೋನಿಗೆ ಹೆದರಿ ಮೂಲೆ ಸೇರುತ್ತವೆ, ಕೆಲವು ಹಾರಿ ಬಾಯಿ ಹಾಕುತ್ತವೆ. ಎರಡೂ ಒಳ್ಳೆಯದಲ್ಲ.

4. ಪ್ರೊಪೆಲ್ಲರ್, ಗಾರ್ಡ್, ಮೋಟಾರು

ಈಗ ಡ್ರೋನ್ ಕೈಗೆ ತೆಗೆದುಕೊಳ್ಳಿ. ಬ್ಯಾಟರಿ ಇನ್ನೂ ಹಾಕಬೇಡಿ.

ಮೊದಲು ಪ್ರೊಪೆಲ್ಲರ್ ಗಾರ್ಡ್, ಅಂದರೆ ಪ್ರೊಪೆಲ್ಲರ್ ಸುತ್ತ ಹಾಕುವ ಪ್ಲಾಸ್ಟಿಕ್ ತಡೆ. ಮನೆಯೊಳಗೆ ಗಾರ್ಡ್ ಇಲ್ಲದೆ ಹಾರಿಸಬೇಡಿ. ನಾಲ್ಕೂ ಗಟ್ಟಿಯಾಗಿ ಕೂತಿವೆಯಾ ಅಂತ ಮೆಲ್ಲಗೆ ಎಳೆದು ನೋಡಿ. ಸಡಿಲವಾದ ಗಾರ್ಡ್ ಹಾರುವಾಗ ಜಾರಿ ಪ್ರೊಪೆಲ್ಲರಿಗೆ ತಾಗಿದರೆ ಗಾರ್ಡ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಆಮೇಲೆ ಒಂದೊಂದೇ ಪ್ರೊಪೆಲ್ಲರ್. ಅದರ ಅಂಚಿನ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಅಲ್ಲಿ ಕಚ್ಚು ಬಿದ್ದಿದೆ ಅಂತ ಅರ್ಥ. ಬುಡದ ಹತ್ತಿರ ಬೆಳ್ಳಗಿನ ಗೆರೆ ಕಂಡರೆ ಪ್ಲಾಸ್ಟಿಕ್ ಬಾಗಿ ಸೀಳಲು ಶುರುವಾಗಿದೆ. ಎಂಥ ಅಂಟು ಹಾಕಿದರೂ ಅದು ಸರಿಹೋಗುವುದಿಲ್ಲ, ಬಿಸಾಕಿ ಹೊಸದು ಹಾಕಿ. ಡಬ್ಬಿಯಲ್ಲಿ ಹೆಚ್ಚುವರಿ ಪ್ರೊಪೆಲ್ಲರ್ ಕೊಟ್ಟಿರುವುದೇ ಅದಕ್ಕೆ.

ಹೊಸದು ಹಾಕುವಾಗ ಎಲ್ಲ ಪ್ರೊಪೆಲ್ಲರೂ ಒಂದೇ ಅಂದುಕೊಳ್ಳಬೇಡಿ. ನಾಲ್ಕರಲ್ಲಿ ಎರಡು ಗಡಿಯಾರದ ದಿಕ್ಕಿಗೆ ತಿರುಗುತ್ತವೆ, ಇನ್ನೆರಡು ಅದರ ವಿರುದ್ಧ ದಿಕ್ಕಿಗೆ. ಮೂಲೆಯಿಂದ ಮೂಲೆಗೆ ಎದುರಿರುವ ಜೋಡಿ ಒಂದೇ ದಿಕ್ಕಿನದು. ಆಟಿಕೆ ಡ್ರೋನ್‌ಗಳಲ್ಲಿ ಪ್ರೊಪೆಲ್ಲರ್ ಮೇಲೆ ಎ, ಬಿ ಅಂತ ಅಚ್ಚು ಹಾಕಿರುತ್ತಾರೆ. ಟೆಲ್ಲೊದಲ್ಲಿ ಒಂದು ಜೋಡಿಗೆ ಗುರುತಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಒಂದು ತಪ್ಪಾದರೂ ಡ್ರೋನ್ ಏಳುವುದಿಲ್ಲ, ನೆಲದಲ್ಲೇ ಪಲ್ಟಿ ಹೊಡೆಯುತ್ತದೆ. ಏಳುವ ಮುನ್ನವೇ ಮಗುಚಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಈಗ ಪ್ರತಿ ಪ್ರೊಪೆಲ್ಲರನ್ನೂ ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿ ಅನ್ನಿಸಿದರೆ ಅದರ ಬುಡ ನೋಡಿ. ಒಂದು ಉದ್ದ ಕೂದಲು ಮೋಟಾರಿನ ಕಡ್ಡಿಗೆ ದಾರದುಂಡೆಯಂತೆ ಸುತ್ತಿಕೊಂಡಿರುತ್ತದೆ. ಮನೆಯೊಳಗೆ ಹಾರಿಸುವ ಡ್ರೋನಿಗೆ ಈ ಕಾಟ ಯಾವಾಗಲೂ ಇದ್ದದ್ದೇ. ಪ್ರತಿ ಸಲ ನೆಲಕ್ಕಿಳಿದಾಗಲೂ ಕೂದಲು, ನೂಲು, ಧೂಳು ಸೆಳೆದುಕೊಳ್ಳುತ್ತದೆ. ಪ್ರೊಪೆಲ್ಲರ್ ತೆಗೆದು ಚಿಮಟದಿಂದ ಕೂದಲು ಎಳೆದು ತೆಗೆಯಿರಿ. ಹಾಗೇ ಬಿಟ್ಟರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಕೊನೆಗೆ ಸುಟ್ಟೇ ಹೋಗುತ್ತದೆ.

5. ಬ್ಯಾಟರಿ

ಈ ಡ್ರೋನ್‌ಗಳಲ್ಲಿರುವುದು ಲೀಥಿಯಂ ಪಾಲಿಮರ್ ಬ್ಯಾಟರಿ, ಎಲ್ಲರೂ ಲೈಪೊ ಅಂತಾರೆ. ಸಾಮಾನ್ಯವಾಗಿ ಒಂದೇ ಸೆಲ್. ತುಂಬಿದಾಗ 4.2 ವೋಲ್ಟ್, ಹಾರುವಾಗ ಸುಮಾರು 3.7 ವೋಲ್ಟ್ ಆಸುಪಾಸು. 3.3ಕ್ಕಿಂತ ಕೆಳಗೆ ಹೋಗಲು ಬಿಡಬಾರದು. ಎಚ್‌ವಿ ಅಂತ ಬರೆದಿರುವ ಬ್ಯಾಟರಿ ಮಾತ್ರ 4.35ರವರೆಗೆ ತುಂಬುತ್ತದೆ. ಮಾಮೂಲಿ ಬ್ಯಾಟರಿಯನ್ನು ಅಷ್ಟಕ್ಕೆ ತುಂಬಿದರೆ ಅಪಾಯ.

ಬ್ಯಾಟರಿಯನ್ನು ಟೇಬಲ್ ಮೇಲೆ ಮಲಗಿಸಿ ನೋಡಿ. ಚಪ್ಪಟೆಯಾಗಿದ್ದರೆ ಸರಿ. ದಿಂಬಿನಂತೆ ಉಬ್ಬಿ ಅಲುಗಾಡಿದರೆ ಅದರ ಕಥೆ ಮುಗಿಯಿತು. "ಸ್ವಲ್ಪ ಊದಿದೆ, ಇನ್ನೂ ನಡೆಯುತ್ತೆ" ಅನ್ನುವ ಮಾತು ಬೇಡ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ವೈರ್ ಬುಡದಲ್ಲಿ ಸುಲಿದಿದ್ದರೂ, ಬಿದ್ದು ಮೂಲೆ ಜಜ್ಜಿದ್ದರೂ ಹಾಗೆಯೇ.

ಚಾರ್ಜ್ ಮಾಡುವಾಗ ಬ್ಯಾಟರಿ ಎಷ್ಟು ಹಿಡಿಯುತ್ತದೆ ಅಂತ ಅದರ ಮೇಲೆ ಎಂಎಎಚ್ ಲೆಕ್ಕದಲ್ಲಿ ಬರೆದಿರುವ ಅಂಕಿಯನ್ನು ನೋಡಿ. 1100 ಎಂಎಎಚ್ ಅಂತಿದ್ದರೆ 1.1 ಆಂಪ್, 300 ಅಂತಿದ್ದರೆ 0.3 ಆಂಪ್, ಅದಕ್ಕಿಂತ ಜೋರಾಗಿ ತುಂಬಿಸದಿರುವುದು ಒಳ್ಳೆಯದು. ಡ್ರೋನಿನ ಜೊತೆಗೆ ಬಂದ ಕೇಬಲ್ ಇದನ್ನು ತಾನೇ ನೋಡಿಕೊಳ್ಳುತ್ತದೆ, ಆದ್ದರಿಂದ ಅದನ್ನೇ ಬಳಸಿ. ಜಾಗ ಮುಖ್ಯ. ಹಾಸಿಗೆ, ಸೋಫಾ, ಪುಸ್ತಕದ ರಾಶಿಯ ಮೇಲೆ ಬೇಡ. ಕಡಪ ಕಲ್ಲಿನ ಕಟ್ಟೆ ಅಥವಾ ಬರೀ ನೆಲ ಸಾಕು. ಇನ್ನೂ ಒಳ್ಳೆಯದು ಬೇಕೆಂದರೆ ಒಂದು ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ ಪಕ್ಕದಲ್ಲಿಡಿ. ಬ್ಯಾಟರಿ ಹೊಗೆ ಬಿಟ್ಟರೆ ಇಕ್ಕಳದಲ್ಲಿ ಎತ್ತಿ ಅದಕ್ಕೆ ಹಾಕಿ ಕುಂಡ ಹೊರಗಿಡಬಹುದು. ಆ ಹೊಗೆ ಕುಡಿಯಬೇಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬಿಟ್ಟುಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ತಾಪ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಯಾಟರಿ ಇಟ್ಟರೆ ಉಬ್ಬಲು ಬೇರೆ ಕಾರಣ ಬೇಕಿಲ್ಲ. ಬಿಸಿಯಾದ ಬ್ಯಾಟರಿಯನ್ನು ತಣ್ಣಗಾಗುವವರೆಗೆ ಹಾರಿಸಲೂಬೇಡಿ, ಚಾರ್ಜಿಗೂ ಹಾಕಬೇಡಿ.

6. ರಿಮೋಟ್, ಫೋನ್, ಸಿಗ್ನಲ್

ರಿಮೋಟಿನ ಸೆಲ್ ಹೊಸದಿರಲಿ. ಡ್ರೋನಿನ ಬ್ಯಾಟರಿ ತುಂಬಿದ್ದು ರಿಮೋಟಿನದು ಖಾಲಿಯಾದರೆ ಪಾಡು ಇನ್ನೂ ಕಷ್ಟ. ಸ್ಟಿಕ್ಕುಗಳನ್ನು ಎಲ್ಲ ಕಡೆಗೂ ಆಡಿಸಿ ಬಿಡಿ, ಮಧ್ಯಕ್ಕೆ ಬರಬೇಕಾದವು ತಾವಾಗಿ ಬರುತ್ತವೆಯಾ ನೋಡಿ. ಹೆಚ್ಚಿನ ರಿಮೋಟುಗಳಲ್ಲಿ ಎಡ ಸ್ಟಿಕ್ ಏರಿಳಿತ ಮತ್ತು ನಿಂತಲ್ಲೇ ತಿರುಗುವುದಕ್ಕೆ, ಬಲ ಸ್ಟಿಕ್ ಹಿಂದೆ ಮುಂದೆ, ಅಕ್ಕಪಕ್ಕ ಹೋಗುವುದಕ್ಕೆ. ಆದರೂ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಏರಿಸುವ ಸ್ಟಿಕ್ ಯಾವುದು ಅಂತ ಗಾಳಿಯಲ್ಲಿ ಹುಡುಕುವುದು ಬೇಡ. ವೇಗ ಆರಿಸುವ ಬಟನ್ ಇದ್ದರೆ ಕಡಿಮೆ ವೇಗದಲ್ಲಿಡಿ.

ಆನ್ ಮಾಡುವಾಗ ಹವ್ಯಾಸಿಗಳ ಪದ್ಧತಿ: ಮೊದಲು ರಿಮೋಟ್, ಆಮೇಲೆ ಡ್ರೋನ್. ಆಫ್ ಮಾಡುವಾಗ ಮೊದಲು ಡ್ರೋನ್, ಆಮೇಲೆ ರಿಮೋಟ್. ಹೀಗೆ ಮಾಡಿದರೆ ಡ್ರೋನ್ ಎಚ್ಚರವಿರುವ ಹೊತ್ತಿನಲ್ಲಿ ಹಿಡಿತ ಯಾವಾಗಲೂ ನಿಮ್ಮ ಕೈಯಲ್ಲಿರುತ್ತದೆ. ನಿಮ್ಮ ಡ್ರೋನಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದರಂತೆ ಮಾಡಿ.

ಫೋನಿನಿಂದ ಹಾರಿಸುವ ಡ್ರೋನಿಗೆ ಬೇರೆ ತಲೆನೋವು. ಡ್ರೋನ್ ತನ್ನದೇ ವೈಫೈ ಕೊಡುತ್ತದೆ, ಫೋನ್ ಅದಕ್ಕೆ ಸೇರುತ್ತದೆ. ಆದರೆ ಆ ವೈಫೈಯಲ್ಲಿ ಇಂಟರ್ನೆಟ್ ಇಲ್ಲ. ಅದನ್ನು ನೋಡಿ ಕೆಲವು ಫೋನ್‌ಗಳು ನಿಮ್ಮನ್ನು ಕೇಳದೆಯೇ ಮನೆಯ ವೈಫೈಗೆ ವಾಪಸು ಹೋಗಿಬಿಡುತ್ತವೆ, ಅದೂ ಡ್ರೋನ್ ಮೇಲಿರುವಾಗ. ಹಾರಿಸುವ ಮೊದಲು ಮನೆಯ ವೈಫೈಗೆ ತಾನಾಗಿ ಸೇರುವ ಸೆಟ್ಟಿಂಗ್ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ. ಇಲ್ಲದಿದ್ದರೆ ಯಾರದೋ ಕರೆ ಬಂದು ಸ್ಕ್ರೀನ್ ತುಂಬ ಅದೇ ನಿಲ್ಲುತ್ತದೆ, ಸ್ಟಿಕ್ ಕಾಣುವುದಿಲ್ಲ.

ಇವೆಲ್ಲ ಬಹುಪಾಲು ಓಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಮನೆಯ ರೂಟರ್, ಬ್ಲೂಟೂತ್ ಸ್ಪೀಕರ್, ಮೈಕ್ರೋವೇವ್ ಒಲೆ ಇವೂ ಅದೇ ಜಾಗದಲ್ಲಿವೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಸೇರಿಕೊಳ್ಳುತ್ತವೆ. ರೂಟರ್ ಪಕ್ಕ ನಿಂತು ಹಾರಿಸಬೇಡಿ, ಆ ಹೊತ್ತಿಗೆ ಮೈಕ್ರೋವೇವ್ ಓಡುತ್ತಿರಬಾರದು. ಡ್ರೋನನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿ ನೀವು ಇಲ್ಲೇ ನಿಲ್ಲುವುದೂ ಬೇಡ. ಕಾಂಕ್ರೀಟ್ ಗೋಡೆ ಸಿಗ್ನಲ್ಲನ್ನು ತಿಂದುಹಾಕುತ್ತದೆ.

ಕ್ಯಾಮೆರಾ ಡ್ರೋನ್ ಆದರೆ

ಜಿಪಿಎಸ್ ಇರುವ ಡ್ರೋನ್‌ಗಳಲ್ಲಿ 'ರಿಟರ್ನ್ ಟು ಹೋಮ್' ಅನ್ನುವ ವ್ಯವಸ್ಥೆ ಇರುತ್ತದೆ. ಸಿಗ್ನಲ್ ತಪ್ಪಿದರೆ ಡ್ರೋನ್ ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ ಹೊರಟ ಜಾಗಕ್ಕೆ ವಾಪಸು ಬರುತ್ತದೆ. ಬಯಲಿನಲ್ಲಿ ಇದು ವರ. ಒಳಗೆ ಆ ಎತ್ತರಕ್ಕೂ ಡ್ರೋನಿಗೂ ಮಧ್ಯೆ ಸೀಲಿಂಗ್ ಇರುತ್ತದೆ. ಒಳಗೆ ಜಿಪಿಎಸ್ ಸಿಗಲ್ಲ, ಆದ್ದರಿಂದ ಅದು ಶುರುವಾಗಲ್ಲ ಅಂತ ಭಾವಿಸಬೇಡಿ. ದೊಡ್ಡ ಕಿಟಕಿ, ಬಾಲ್ಕನಿ ಪಕ್ಕದಲ್ಲಿ ಉಪಗ್ರಹಗಳು ಸಿಕ್ಕಿಬಿಡಬಹುದು. ಡಿಜೆಐ ಆ್ಯಪಿನ ಸುರಕ್ಷತಾ ಸೆಟ್ಟಿಂಗಿನಲ್ಲಿ ಸಿಗ್ನಲ್ ಹೋದರೆ ಏನು ಮಾಡಬೇಕು ಅನ್ನುವ ಆಯ್ಕೆ ಇದೆ. ಅದನ್ನು ನಿಂತಲ್ಲೇ ಇಳಿಯುವಂತೆ ಬದಲಿಸಿ. ಹೊರಗೆ ಹೋಗುವಾಗ ಮತ್ತೆ ಮೊದಲಿನಂತೆ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಕೆರೆಯ ಮೇಲೆ ಸಿಗ್ನಲ್ ಹೋದಾಗ ಅಲ್ಲೇ ಇಳಿಯುತ್ತದೆ.

ಡ್ರೋನಿನ ದಿಕ್ಸೂಚಿಯನ್ನು ಮನೆಯೊಳಗೆ ಕ್ಯಾಲಿಬ್ರೇಟ್ ಮಾಡಬೇಡಿ, ಅಂದರೆ ಸರಿಹೊಂದಿಸಲು ಹೋಗಬೇಡಿ. ಆರ್‌ಸಿಸಿ ಸ್ಲ್ಯಾಬು, ಕಂಬಗಳೊಳಗಿನ ಕಬ್ಬಿಣ ಅದಕ್ಕೆ ದಿಕ್ಕು ತಪ್ಪಿಸುತ್ತದೆ. ಆ್ಯಪ್ ಕೇಳಿದರೆ ಬಯಲಿಗೆ ಹೋಗಿ ಮಾಡಿ.

7. ನಿಲ್ಲಿಸುವುದು ಮೊದಲು

ಇಳಿಸುವುದು ಬೇರೆ, ನಿಲ್ಲಿಸುವುದು ಬೇರೆ. ಇಳಿಸುವ ಬಟನ್ ಒತ್ತಿದರೆ ಡ್ರೋನ್ ನಿಧಾನಕ್ಕೆ ಕೆಳಗೆ ಬರುತ್ತದೆ, ಅಲ್ಲಿಯವರೆಗೆ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ನಿಲ್ಲಿಸುವುದು ಅಂದರೆ ಮೋಟಾರು ಆ ಕ್ಷಣವೇ ಬಂದ್, ಡ್ರೋನ್ ಇದ್ದಲ್ಲಿಂದ ಬೀಳುತ್ತದೆ. ಕೂದಲಿಗೆ ಸಿಕ್ಕಿದೆ, ಪರದೆಗೆ ಸುತ್ತಿಕೊಂಡಿದೆ, ಮಗು ಓಡಿಬಂತು, ಇಂಥ ಹೊತ್ತಿನಲ್ಲಿ ಇಳಿಸುವ ಬಟನ್ ಪ್ರಯೋಜನಕ್ಕೆ ಬರುವುದಿಲ್ಲ.

ಮೋಟಾರು ನಿಲ್ಲಿಸುವ ವಿಧಾನ ಒಂದೊಂದರಲ್ಲಿ ಒಂದೊಂದು ಥರ. ಆಟಿಕೆ ಡ್ರೋನ್‌ಗಳ ರಿಮೋಟಿನಲ್ಲಿ ಎಮರ್ಜೆನ್ಸಿ ಸ್ಟಾಪ್ ಬಟನ್ ಇರುತ್ತದೆ, ಕೆಲವದರಲ್ಲಿ ಅದನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಬೇಕು. ಟೈನಿ ವೂಪಿನಲ್ಲಿ ರಿಮೋಟಿನ ಒಂದು ಸ್ವಿಚ್ಚನ್ನೇ ಅದಕ್ಕೆ ಮೀಸಲಿಟ್ಟಿರುತ್ತಾರೆ, ಹಾರಿಸುವವರು ಡಿಸಾರ್ಮ್ ಅನ್ನುತ್ತಾರೆ. ಶಾಲೆಯ ಲ್ಯಾಬಿನಲ್ಲಿ ಮಕ್ಕಳು ಪೈಥಾನ್ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆದು ಟೆಲ್ಲೊ ಹಾರಿಸುವಾಗ 'ಲ್ಯಾಂಡ್' ಅನ್ನುವ ಆದೇಶದ ಜೊತೆಗೆ 'ಎಮರ್ಜೆನ್ಸಿ' ಅನ್ನುವ ಇನ್ನೊಂದು ಆದೇಶ ಇದೆ. ಮೊದಲನೆಯದು ಇಳಿಸುತ್ತದೆ, ಎರಡನೆಯದು ಮೋಟಾರು ಕಡಿಯುತ್ತದೆ. ಕೀಬೋರ್ಡಿನ ಒಂದು ಕೀಲಿಗೆ ಅದನ್ನು ಕಟ್ಟಿಟ್ಟೇ ಉಳಿದ ಪ್ರೋಗ್ರಾಂ ಬರೆಯಲು ಮಕ್ಕಳಿಗೆ ಹೇಳಿಕೊಡಿ. ಪ್ರೋಗ್ರಾಂ ನಿಂತುಹೋಗಿ 15 ಸೆಕೆಂಡ್ ಯಾವ ಆದೇಶವೂ ಬರದಿದ್ದರೆ ಟೆಲ್ಲೊ ತಾನಾಗಿ ಇಳಿಯುತ್ತದೆ. ಆದರೆ ಚಿಕ್ಕ ಕೋಣೆಯಲ್ಲಿ 15 ಸೆಕೆಂಡ್ ಬಹಳ ಹೊತ್ತು.

ಈಗ ಅಭ್ಯಾಸ. ನಾಲ್ಕೂ ಪ್ರೊಪೆಲ್ಲರ್ ತೆಗೆದುಬಿಡಿ. ಬ್ಯಾಟರಿ ಹಾಕಿ, ರಿಮೋಟ್ ಜೋಡಿಸಿ, ಮೋಟಾರು ಓಡಿಸಿ. ಯಾರಾದರೂ ಪಕ್ಕದಲ್ಲಿ ನಿಂತು, ನೀವು ಎಣಿಸದ ಹೊತ್ತಿನಲ್ಲಿ "ನಿಲ್ಸು!" ಅಂತ ಕೂಗಲಿ. ನೀವು ರಿಮೋಟ್ ನೋಡದೆ ಆ ಬಟನ್ ಒತ್ತಬೇಕು. ಬೆರಳು ತಾನಾಗಿ ಅಲ್ಲಿಗೆ ಹೋಗುವವರೆಗೆ ಮಾಡಿ. ಮಕ್ಕಳಿಗೆ ಇದೊಂದು ಆಟದಂತೆಯೂ ಆಗುತ್ತದೆ. ಇದು ಬರುವವರೆಗೆ ಪ್ರೊಪೆಲ್ಲರ್ ವಾಪಸು ಹಾಕಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಡ್ರೋನ್ ಗೋಡೆ ಕಡೆ ಹೊರಟಾಗ ಹೆಚ್ಚಿನವರ ಕೈ ಥ್ರಾಟಲ್ ಏರಿಸುತ್ತದೆ. ಬೀಳದಿರಲಿ ಅನ್ನುವ ಆಸೆ. ಅದರಿಂದ ಪೆಟ್ಟು ಇನ್ನೂ ಜೋರಾಗುತ್ತದೆ. 80 ಗ್ರಾಂ ಡ್ರೋನ್ ಒಂದು ಮೀಟರ್ ಎತ್ತರದಿಂದ ಜಮಖಾನದ ಮೇಲೆ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಿಕ್ಕಿಕೊಂಡ ಜಾಗದಲ್ಲಿ ಮೋಟಾರು ಓಡಿಸುತ್ತಲೇ ಇದ್ದರೆ ಡ್ರೋನೂ ಹೋಗುತ್ತದೆ, ಎದುರಿಗಿದ್ದದ್ದೂ ಹಾಳಾಗುತ್ತದೆ. ಅನುಮಾನ ಬಂದ ಕೂಡಲೇ ಬೀಳಿಸಿಬಿಡಿ.

ಹಾರುತ್ತಿರುವ ಡ್ರೋನನ್ನು ಕೈಯಿಂದ ಹಿಡಿಯಲು ಹೋಗಬೇಡಿ. 2015ರ ಮೇ ತಿಂಗಳಲ್ಲಿ ಮೆಕ್ಸಿಕೊದ ಟಿಹುವಾನಾ ನಗರದ ಸಂಗೀತ ಕಾರ್ಯಕ್ರಮದಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಸ್ ವೇದಿಕೆಯ ಮೇಲೆ ಕ್ಯಾಮೆರಾ ಡ್ರೋನ್ ಹಿಡಿಯಲು ಕೈ ಚಾಚಿ ಬೆರಳು ಕತ್ತರಿಸಿಕೊಂಡರು, ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ಅದು ದೊಡ್ಡ ಡ್ರೋನ್, ನಿಜ. ಆದರೆ ಚಿಕ್ಕದರಲ್ಲಿ ಕಲಿತ ಅಭ್ಯಾಸವೇ ದೊಡ್ಡದಕ್ಕೂ ಹೋಗುತ್ತದೆ.

8. ಮೊದಲ ಹಾರಾಟ

ಡ್ರೋನನ್ನು ಜಮಖಾನದ ಮಧ್ಯೆ ಸಮತಟ್ಟಾಗಿ ಇಡಿ, ಅದರ ಬಾಲ ನಿಮ್ಮ ಕಡೆ ಇರಲಿ. ಮುಖ ನಿಮ್ಮ ಕಡೆ ಇದ್ದರೆ ಎಡ ಬಲ ಅದಲುಬದಲಾಗುತ್ತದೆ, ಹೊಸಬರು ತಪ್ಪುವುದು ಅಲ್ಲೇ. ನಿಮ್ಮಿಂದ ಎರಡು ಮೀಟರ್ ದೂರ ಇಡಿ. ಕೈಪಿಡಿಯಲ್ಲಿ ಗೈರೊ (ಡ್ರೋನ್ ವಾಲುವುದನ್ನು, ತಿರುಗುವುದನ್ನು ತಿಳಿಯುವ ಸೆನ್ಸರ್) ಕ್ಯಾಲಿಬ್ರೇಷನ್ ಹೇಳಿದ್ದರೆ ಈಗ ಮಾಡಿ, ಆ ಹೊತ್ತಿನಲ್ಲಿ ಡ್ರೋನ್ ಅಲುಗಬಾರದು.

ಏರಿಸಿ. ಒಂದು ಮೀಟರ್ ಎತ್ತರಕ್ಕೆ ಬಂದಾಗ ನಿಲ್ಲಿ. ಗೇಣುದ್ದ ಎತ್ತರದಲ್ಲಿ ಪರೀಕ್ಷೆ ಮಾಡಬೇಡಿ, ನೆಲಕ್ಕೆ ಬಡಿದು ಬರುವ ಗಾಳಿಗೆ ಅಲ್ಲಿ ಎಂಥ ಡ್ರೋನೂ ನಡುಗುತ್ತದೆ. ಮೇಲೆ ನಿಂತಾಗ ಸ್ಟಿಕ್ ಬಿಟ್ಟು ಕಿವಿಗೊಡಿ. ನಾಲ್ಕೂ ಮೋಟಾರಿನ ಸದ್ದು ಒಂದೇ ಸಮ ಇರಬೇಕು. ಒಂದು ಕೀರಲು ಸದ್ದು ಮಾಡಿದರೆ ಅಥವಾ ಡ್ರೋನ್ ಮೈಯೆಲ್ಲ ನಡುಗಿದರೆ ಇಳಿಸಿ, ಪ್ರೊಪೆಲ್ಲರ್ ಮತ್ತೆ ನೋಡಿ. ಯಾವಾಗಲೂ ಒಂದೇ ಕಡೆಗೆ ಸರಿದರೆ ಟ್ರಿಮ್ ಬಟನ್‌ನಿಂದ ಅದರ ವಿರುದ್ಧ ದಿಕ್ಕಿಗೆ ಒಂದೊಂದೇ ಸಲ ಒತ್ತಿ ಸರಿಮಾಡಿ. ದಿಕ್ಕು ದಿಕ್ಕಿಗೆ ಅಲೆದರೆ ನೆಲವೋ ಗಾಳಿಯೋ ಕಾರಣ.

ಅರ್ಧ ನಿಮಿಷ ಸಾಕು. ಇಳಿಸಿ, ಬ್ಯಾಟರಿ ತೆಗೆದು ನಾಲ್ಕೂ ಮೋಟಾರನ್ನು ಬೆರಳಿನಿಂದ ಮುಟ್ಟಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅದರೊಳಗೆ ಕೂದಲು ಇನ್ನೂ ಇದೆ, ಇಲ್ಲವೇ ಮೋಟಾರು ಸವೆದಿದೆ. ಎಲ್ಲವೂ ಸಮ ಇದ್ದರೆ ಈಗ ನಿಜವಾಗಿ ಹಾರಿಸಬಹುದು. ಟೆಲ್ಲೊಗೆ ಒಂದು ಬ್ಯಾಟರಿಗೆ ಹೆಚ್ಚೆಂದರೆ 13 ನಿಮಿಷ, ಚಿಕ್ಕ ಡ್ರೋನ್‌ಗಳಿಗೆ ಅದಕ್ಕಿಂತ ಕಡಿಮೆ. ಅಷ್ಟೂ ಹೊತ್ತು ಹಾರಿಸಲು ಹೋಗಬೇಡಿ. ಬ್ಯಾಟರಿ ಕಡಿಮೆ ಅಂತ ಡ್ರೋನಿನ ದೀಪ ಮಿನುಗಿದ ಕೂಡಲೇ ಇಳಿಸಿ.

ಇಳಿಸಿದ ಮೇಲೆ

ಬ್ಯಾಟರಿಯನ್ನು ಡ್ರೋನಿನೊಳಗೇ ಬಿಡಬೇಡಿ. ತೆಗೆದು ತಣ್ಣಗಾಗಲು ಬಿಡಿ. ನಾಳೆಯೇ ಹಾರಿಸುವುದಿಲ್ಲ ಅಂತಾದರೆ ಪೂರ್ತಿ ತುಂಬಿಸಿ ಇಡಬೇಡಿ, ಪೂರ್ತಿ ಖಾಲಿಯೂ ಬೇಡ. 3.8 ವೋಲ್ಟ್ ಸುಮಾರಿಗೆ, ಅಂದರೆ ಅರ್ಧದಷ್ಟು ಚಾರ್ಜಿನಲ್ಲಿ ಇಟ್ಟರೆ ಅದು ಬಹಳ ಕಾಲ ಬಾಳುತ್ತದೆ. ತುಂಬಿಸಿ ತಿಂಗಳುಗಟ್ಟಲೆ ಡ್ರಾಯರಿನಲ್ಲಿಟ್ಟ ಬ್ಯಾಟರಿಗಳೇ ಊದಿಕೊಳ್ಳುವುದು ಜಾಸ್ತಿ. ನಾಣ್ಯ, ಕೀ, ಹೇರ್‌ಪಿನ್ ಇರುವ ಡಬ್ಬಿಯಲ್ಲಿ ಇಡಬೇಡಿ, ತುದಿಗಳು ಕೂಡಿಕೊಂಡರೆ ಬೆಂಕಿ ಹತ್ತುತ್ತದೆ.

ಊದಿದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಒತ್ತಿದಾಗ ಅದು ಸಿಡಿದರೆ ಪೆಟ್ಟಾಗುವುದು ಪೌರಕಾರ್ಮಿಕರಿಗೆ. ಅದರ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮರಳಿನ ಕುಂಡದಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೋ ಮಾರಿದ ಅಂಗಡಿಗೋ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ವಿಲೇವಾರಿ ಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.